ಬಲಗಾಲು ತಣ್ಣಗಾದ ದಿನ

ನಮ್ಮ ಮನೆಯಲ್ಲಿ ಒಂದು ಪದ್ಧತಿ. ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ, ಹಿರಿಯರ ಕಾಲು ಮುಟ್ಟಿ ನಮಸ್ಕಾರ ಮಾಡಿದ ಮೇಲೆಯೇ ಸೊಸೆಯಾದವಳು ಅಡುಗೆಮನೆಗೆ ಹೋಗಬೇಕು. ಚಿಮ್ಮನಚೋಡದಿಂದ ಮದುವೆಯಾಗಿ ಶಹಾಬಾದಕ್ಕೆ ಬಂದ ಮರುದಿನದಿಂದ ನಾನು ಅತ್ತೆಯ ಕಾಲು ಮುಟ್ಟುತ್ತ ಬಂದವಳು. ಭಕ್ತಿಯಿಂದ ಮುಟ್ಟುತ್ತಿದ್ದೆ ಎಂದರೆ ಸುಳ್ಳಾಗುತ್ತದೆ. ಒಂದು ಕಡೆ ನಳ ಬಂದಿರುತ್ತದೆ, ಇನ್ನೊಂದು ಕಡೆ ಹಾಲಿನವನು ಕೂಗುತ್ತಿರುತ್ತಾನೆ, ಗಂಡನಿಗೆ ಚಹಾ ಇಲ್ಲದೆ ಮಾತೇ ಹೊರಡುವುದಿಲ್ಲ. ಬಾಗುವುದು, ಮುಟ್ಟುವುದು, ಏಳುವುದು, ಓಡುವುದು. ಹಲ್ಲುಜ್ಜುವುದರಲ್ಲಿ ಎಷ್ಟು ಭಕ್ತಿ ಇರುತ್ತದೋ ಅಷ್ಟೇ ಅದರಲ್ಲೂ ಇತ್ತು.

ಅದೂ ಸುಲಭಕ್ಕೆ ಸಿಗುವ ಕಾಲಲ್ಲ. ಅತ್ತೆ ಅಂಗಳದ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿರುತ್ತಿದ್ದರು. ಎರಡೂ ಪಾದ ಸೀರೆಯ ನೆರಿಗೆಯೊಳಗೆ ಎಲ್ಲೋ ಅಡಗಿರುತ್ತಿದ್ದವು. "ಅತ್ತಿ, ಕಾಲು ಮುಂದ ಚಾಚ್ರಿ" ಎಂದರೆ, "ಯಾಕ ಚಾಚಲಿ? ಬೇಕಾದಾಕಿ ಹುಡುಕಿ ಮುಟ್ಟು" ಎನ್ನುವರು. ನಾನು ನೆರಿಗೆಯೊಳಗೆ ಕೈ ಹಾಕಿ ತಡಕಾಡಿ, ಸಿಕ್ಕ ಬೆರಳನ್ನು ಮುಟ್ಟಿ, ಅದೇ ಕೈಯನ್ನು ಹಣೆಗೆ ಒತ್ತಿಕೊಂಡು ಒಳಗೆ ಹೋಗುತ್ತಿದ್ದೆ. ನನ್ನನ್ನು ಅವರು ಹೆಸರು ಹಿಡಿದು ಕರೆದದ್ದೇ ಇಲ್ಲ. ಮದುವೆಯ ದಿನ ಚಿಮ್ಮನಚೋಡದಾಕಿ ಎಂದರು, ಅದೇ ಉಳಿಯಿತು.

ಅವರಿಗೆ ಆಗಲೇ ತೊಂಬತ್ತು ದಾಟಿತ್ತು. ಎಷ್ಟು ದಾಟಿತ್ತೆಂದು ಯಾರಿಗೂ ಗೊತ್ತಿಲ್ಲ. ಕೇಳಿದರೆ, "ರಜಾಕಾರರ ಗದ್ದಲದಾಗ ನನ್ನ ಹಿರಿಮಗ ತೊಟ್ಟಿಲದಾಗಿದ್ದ, ನೀವೇ ಲೆಕ್ಕ ಹಾಕ್ರಿ" ಎನ್ನುತ್ತಿದ್ದರು. ಆ ಹಿರಿಮಗ ತೀರಿಕೊಂಡೇ ಎಷ್ಟೋ ವರ್ಷವಾಗಿತ್ತು. ಉಳಿದವರು ಕಿರಿಯ ಮಗ, ಅಂದರೆ ನನ್ನ ಗಂಡ, ಮತ್ತು ಮಳಖೇಡಕ್ಕೆ ಕೊಟ್ಟ ಒಬ್ಬಳು ಮಗಳು. ಅತ್ತೆಗೆ ಕಣ್ಣು ಮಂಜಾಗಿತ್ತು, ಬಾಯಲ್ಲಿ ಹಲ್ಲು ಒಂದೂ ಇರಲಿಲ್ಲ, ಆದರೆ ಕೂರುವುದರಲ್ಲಿ ಅವರನ್ನು ಸೋಲಿಸುವವರು ನಮ್ಮ ಓಣಿಯಲ್ಲಿ ಇರಲಿಲ್ಲ. ಅರವತ್ತಕ್ಕೇ ಮೊಣಕಾಲು ಹೋಗಿ, ನಾನು ಪ್ಲಾಸ್ಟಿಕ್ ಕುರ್ಚಿಗೆ ಬಂದಿದ್ದೆ. ಅವರಿಗೆ ಅದಕ್ಕಿಂತ ದೊಡ್ಡ ತಮಾಷೆ ಬೇಕಿರಲಿಲ್ಲ.

"ಏ ಚಿಮ್ಮನಚೋಡದಾಕಿ, ನಿನ್ನ ಕುಣ್ಯಾಗ ಇಳಸೋ ಮುಂದ ಕುರ್ಚಿ ಸಮೇತನೇ ಇಳಸಬೇಕಾಗ್ತದ ನೋಡು."

"ಇಳಸಾಕ ನೀವು ಇರ್ತೀರೇನ್ರಿ?"

"ಯಾಕ, ನನಗೇನಾಗ್ಯಾದ?"

ಹೊರಗಿನವರಿಗೆ ಈ ಮಾತು ಒರಟಾಗಿ ಕಾಣಬಹುದು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ತೋಡಿದ ಕುಣಿಯಲ್ಲಿ ಪೂಜೆಗೆ ಕೂತ ಹಾಗೆ ಕಾಲು ಮಡಚಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಕೊಡುತ್ತೇವೆ. ಅತ್ತೆ ಯಾರ ಮಣ್ಣಿಗೆ ಹೋಗಿ ಬಂದರೂ, ಬಚ್ಚಲಲ್ಲಿ ನೀರು ಹಾಕಿಕೊಳ್ಳುವಾಗಲೇ ವರದಿ ಶುರುವಾಗುತ್ತಿತ್ತು. "ಆಕಿ ಭಾಳ ಚಂದ ಕುಂತಿದ್ಳು. ಬದುಕಿದ್ದಾಗೂ ಅಷ್ಟು ನೆಟ್ಟಗ ಕುಂತಿರಲಿಲ್ಲ." ಇಲ್ಲವೇ, "ಅಂವ ಎಡಕ್ಕ ವಾಲಿದ್ದ. ದಿಂಬು ಕೊಟ್ಟು ನಿಲ್ಲಿಸಿದ್ರು, ಪಾಪ." ಸಾವಿನ ಬಗ್ಗೆ ಅವರಿಗೆ ಹೆದರಿಕೆ ಇದ್ದದ್ದನ್ನು ನಾನು ಕಾಣೆ. ತಾನು ಚಂದವಾಗಿ ಕೂರಬೇಕು ಎಂಬುದೊಂದೇ ಅವರ ಆಸೆಯಾಗಿತ್ತು.

ಅದು ಬೇಸಿಗೆ. ನಮ್ಮೂರಲ್ಲಿ ಕಟ್ಟೆ, ನೆಲ, ಮೆಟ್ಟಿಲು, ಬಚ್ಚಲು ಎಲ್ಲವೂ ಫರಸಿ ಕಲ್ಲಿನವೇ. ಬೇಸಿಗೆಯಲ್ಲಿ ಬಿಸಿಲು ಸ್ವಲ್ಪ ಏರಿದರೆ ಸಾಕು, ಅಂಗಳದಲ್ಲಿ ಬರಿಗಾಲು ಊರಲಾಗುವುದಿಲ್ಲ. ಅಂದು ಬೆಳಿಗ್ಗೆ ಅತ್ತೆ ಕಟ್ಟೆಯ ಮೇಲೆ ಇರಲಿಲ್ಲ. ಒಳಗೆ ಮಂಚದ ಮೇಲೆ ಕಾಲು ಚಾಚಿ ಮಲಗಿದ್ದರು. "ಇವತ್ತ ಸೂರ್ಯ ಯಾ ಕಡೆ ಹುಟ್ಯಾನ?" ಎಂದು ತಮಾಷೆ ಮಾಡಿಯೇ ನಾನು ಬಾಗಿದೆ. ಎರಡೂ ಕೈಯಿಂದ ಎರಡೂ ಪಾದ ಮುಟ್ಟಿದೆ. ಒಂದು ಕೈಗೆ ಬೆಚ್ಚಗೆ ಹತ್ತಿತು, ಇನ್ನೊಂದು ಕೈಗೆ ತಣ್ಣಗೆ. ಕೈ ಒದ್ದೆ ಇರಬೇಕು ಎಂದು ಸೆರಗಿಗೆ ಒರೆಸಿಕೊಂಡು ಮತ್ತೆ ಮುಟ್ಟಿದೆ. ಬಲಗಾಲು ನೀರು ತುಂಬಿದ ಮಣ್ಣಿನ ಕೊಡದ ಹೊರಮೈಯಂತೆ ತಣ್ಣಗಿತ್ತು. ಬಣ್ಣವೂ ಬೇರೆಯಾಗಿತ್ತು, ಬೂದಿ ಬಳಿದ ಹಾಗೆ.

"ಅತ್ತಿ, ಈ ಕಾಲು ಯಾಕ ಹಿಂಗ ತಣ್ಣಗಾಗ್ಯಾದ?"

"ಎದ್ದಾಗಿನಿಂದ ಜೋಮು ಹಿಡದದ. ಮೀನಖಂಡ ಭಾಳ ಸೆಳಿಲಿಕತ್ತದ. ವಾತ ಅದು. ಕಲ್ಲು ಕಾಸ್ರಿ."

ಕಲ್ಲು ಎಂದರೆ ಒಲೆಯ ಹಿಂದೆ ಇಟ್ಟಿರುತ್ತಿದ್ದ ಅಂಗೈಯಗಲದ ಫರಸಿ ತುಂಡು. ಅದನ್ನು ಕಾಸಿ, ಹಳೆ ಧೋತರದಲ್ಲಿ ಸುತ್ತಿ, ನೋವಿದ್ದಲ್ಲಿ ಇಡುವುದು. ಹೊಟ್ಟೆನೋವು, ಸೊಂಟನೋವು, ಬಾಣಂತಿಯ ಬೆನ್ನು, ಕೂಸಿನ ಶೀತ, ಎಲ್ಲದಕ್ಕೂ ಅತ್ತೆಯ ಔಷಧ ಅದೊಂದೇ. ಕಲ್ಲಿನ ಊರಲ್ಲಿ ಬಹಳ ಮನೆಗಳಲ್ಲಿ ಅಂಥದೊಂದು ತುಂಡು ಇರುತ್ತದೆ. ನಮ್ಮದು ವರ್ಷಗಟ್ಟಲೆ ಕೈಯಾಡಿ ಸಾಬೂನಿನಷ್ಟು ನುಣುಪಾಗಿತ್ತು. ನನ್ನ ಗಂಡ ಜೀವನವೆಲ್ಲ ಕಲ್ಲು ಕೊಯ್ಯುವ ಮಷೀನಿನ ಮುಂದೆ ನಿಂತವರು. ಕಿವಿ ಅರ್ಧ ಹೋಗಿದೆ, ಆದರೆ ಅವ್ವ ಹೇಳಿದ್ದು ಮಾತ್ರ ಪೂರ್ತಿ ಕೇಳುತ್ತದೆ. "ಮೊದಲು ಡಾಕ್ಟರಿಗೆ ತೋರಸಮು" ಎಂದು ನಾನು ಹೇಳುವಷ್ಟರಲ್ಲಿ ಅವರು ಗ್ಯಾಸ್ ಹಚ್ಚಿ ಕಲ್ಲಿಟ್ಟಾಗಿತ್ತು.

ಸುತ್ತಿದ ಕಲ್ಲನ್ನು ಅಂಗಾಲಿಗೆ ಇಟ್ಟರು. "ಬಿಸಿನೇ ಆಗಿಲ್ಲ, ಮತ್ತ ಕಾಸು" ಎಂದರು ಅತ್ತೆ. ಮತ್ತೆ ಕಾಸಿ ತಂದರು. "ಇನ್ನೂ ತಣ್ಣಗದ." ಮೂರನೆಯ ಸಲ ಗಂಡ ಅದನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತ, ಬಾಯಿಂದ ಗಾಳಿ ಎಳೆದುಕೊಳ್ಳುತ್ತ ತಂದದ್ದು ನನ್ನ ಕಣ್ಣಿಗೆ ಬಿತ್ತು. ಅಂಗಾಲಿಗೆ ಇಟ್ಟಾಗ ಅತ್ತೆಯ ಮುಖದ ಒಂದು ಗೆರೆಯೂ ಅಲುಗಲಿಲ್ಲ. ನಾನು ಬಟ್ಟೆಯ ಮೇಲೆ ಕೈಯಿಟ್ಟವಳು ಇಟ್ಟಷ್ಟೇ ಬೇಗ ಹಿಂದಕ್ಕೆಳೆದುಕೊಂಡೆ. ಕಲ್ಲು ತೆಗೆದು ನೋಡಿದರೆ ಅಂಗಾಲಿನಲ್ಲಿ ಹಪ್ಪಳದ ಹಾಗೆ ಗುಳ್ಳೆ ಎದ್ದಿತ್ತು. ಅತ್ತೆಗೆ ಅದು ಗೊತ್ತೇ ಇಲ್ಲ.

"ಬೆರಳು ಅಲುಗಾಡಸ್ರಿ" ಎಂದೆ. ಎಡಗಾಲಿನ ಬೆರಳು ಆಡಿದವು. ಬಲಗಾಲಿನ ಹೆಬ್ಬೆರಳು ಒಂದಿಷ್ಟು ಅಲುಗಿತು, ಉಳಿದವು ಇಲ್ಲ. ನನಗೆ ಸಿಟ್ಟು ಬಂದರೆ ಧ್ವನಿ ಏರುವುದಿಲ್ಲ, ಇಳಿಯುತ್ತದೆ. ಇಳಿದ ಧ್ವನಿ ಗಂಡನಿಗೆ ಕೇಳಿಸುವುದಿಲ್ಲ ಎಂಬುದೇ ನಮ್ಮ ಸಂಸಾರ ಇಷ್ಟು ವರ್ಷ ನಡೆದದ್ದರ ಗುಟ್ಟು. ಅಂದು ಮಾತ್ರ ಅವರ ಕಿವಿಯ ಹತ್ತಿರವೇ ಹೋಗಿ, "ಆ ಕಲ್ಲು ಅತ್ಲಾಗ ಒಗೀರಿ, ಗಾಡಿ ತರ್ರಿ" ಎಂದೆ. ಅವರು ಹೋಗಿ ಪಕ್ಕದ ಮನೆಯ ಜೀಪು ತಂದರು.

ನಮ್ಮೂರಿನ ಡಾಕ್ಟರು ನಮ್ಮ ಮನೆಯ ಎಲ್ಲರನ್ನೂ ಬಲ್ಲವರು. ಅತ್ತೆಯನ್ನು ಜೀಪಿನಿಂದ ಇಳಿಸಲೂ ಬಿಡಲಿಲ್ಲ. ತಾವೇ ಹೊರಗೆ ಬಂದು ಪಾದದ ಮೇಲೆ ಎರಡು ಬೆರಳಿಟ್ಟರು, ಮೊಣಕಾಲಿನ ಹಿಂದೆ ಇಟ್ಟರು, ತೊಡೆಸಂದಿಯಲ್ಲಿ ಇಟ್ಟರು. ಆಮೇಲೆ ಮಣಿಕಟ್ಟು ಹಿಡಿದು ನಾಡಿ ಎಣಿಸಿದರು.

"ಕಾಲಿಗೆ ರಕ್ತ ಹೋಗಲಿಕತ್ತಿಲ್ಲ. ನಾಡಿನೂ ತಾಳ ತಪ್ಪ್ಯಾದ. ರಕ್ತದ ಗಂಟು ಬಂದು ದೊಡ್ಡ ನಾಳದಾಗ ಸಿಕ್ಕಿರಬೇಕು. ಈಗಿಂದೀಗ ಕಲಬುರಗಿಗೆ ಹೋಗ್ರಿ. ಎಲ್ಲೂ ನಿಂದ್ರಬ್ಯಾಡ್ರಿ, ಯಾರ್ನೂ ಕೇಳಬ್ಯಾಡ್ರಿ. ತಡ ಆದ್ರ ಕಾಲು ಉಳಿಯಂಗಿಲ್ಲ" ಎಂದರು. ಒಂದು ಇಂಜೆಕ್ಷನ್ ಕೊಟ್ಟು, ಅಲ್ಲಿಯ ದವಾಖಾನೆಗೆ ತಾವೇ ಫೋನ್ ಮಾಡಿದರು. ಜೀಪು ಹೊರಟಾಗ ಹಿಂದಿನಿಂದ, "ತಿಕ್ಕಬ್ಯಾಡ್ರಿ, ಕಾಸಬ್ಯಾಡ್ರಿ" ಎಂದು ಕೂಗಿ ಹೇಳಿದರು. ಗಂಡ ತಿರುಗಿ ನೋಡದೆ ಮುಂದೆ ನೋಡುತ್ತ ಕೂತರು.

ದಾರಿ ತುಂಬ ಕಲ್ಲಿನ ಲಾರಿ, ವಾಡಿ ಕಡೆಯಿಂದ ಬಂದ ಸಿಮೆಂಟಿನ ಲಾರಿ. ಒಂದೂ ಪಕ್ಕಕ್ಕೆ ಸರಿಯುತ್ತಿರಲಿಲ್ಲ. ನಾನು ಮಳಖೇಡದ ನಾದಿನಿಗೆ ಫೋನಿನಲ್ಲಿ ವಿಷಯ ತಿಳಿಸಿದೆ. ಅತ್ತೆಯ ತಲೆ ನನ್ನ ತೊಡೆಯ ಮೇಲಿತ್ತು. ಇಷ್ಟು ವರ್ಷದಲ್ಲಿ ಅವರ ಕಾಲು ನನಗೆ ಗೊತ್ತು, ನಾಲಿಗೆ ಗೊತ್ತು. ತಲೆ ಮಾತ್ರ ನನ್ನ ತೊಡೆಯ ಮೇಲೆ ಬಂದದ್ದು ಅದೇ ಮೊದಲು. ಇಷ್ಟು ಹಗುರವೇ ಎನಿಸಿತು.

"ಭಾಳ ನೋಯ್ಲಿಕತ್ತದೇನ್ರಿ?" ಎಂದೆ.

"ಮೀನಖಂಡ ನೋಯ್ತದ. ಅದರ ಕೆಳಗ ಕಾಲು ಅದನೋ ಇಲ್ಲೋ ಗೊತ್ತೇ ಆಗವಲ್ದು. ನೋಡು, ಅದ ಏನು?"

"ಅದ ರೀ" ಎಂದೆ.

ಸ್ವಲ್ಪ ದೂರ ಹೋದ ಮೇಲೆ ಮತ್ತೆ ಕೇಳಿದರು, ಮತ್ತೆ ಹೇಳಿದೆ. ಆಮೇಲೆ ಇನ್ನೊಮ್ಮೆ. ನನಗೆ ನಿಜವಾಗಿ ಹೆದರಿಕೆ ಹತ್ತಿದ್ದು ಆಗ.

ದವಾಖಾನೆಯಲ್ಲಿ ನಮ್ಮನ್ನು ಕಾಯಿಸಲಿಲ್ಲ. ರಕ್ತನಾಳದ ಸರ್ಜನ್ ಇನ್ನೂ ಚಿಕ್ಕ ವಯಸ್ಸಿನವರು, ಮಾತು ಕೇಳಿದರೆ ಮೈಸೂರು ಕಡೆಯವರು. ಅಂಗೈಯಲ್ಲಿ ಹಿಡಿಯುವಂಥ ಒಂದು ಮಷೀನು ತಂದು, ಅದರ ಕಡ್ಡಿಯನ್ನು ಅತ್ತೆಯ ಎಡಪಾದದ ಮೇಲೆ ಇಟ್ಟರು. ಸುಂಯ್, ಸುಂಯ್ ಎಂದು ರಕ್ತ ಓಡುವ ಸದ್ದು ಬಂತು. ಬಲಪಾದದ ಮೇಲೆ ಇಟ್ಟರು. ರೇಡಿಯೋದಲ್ಲಿ ಸ್ಟೇಷನ್ ತಪ್ಪಿದಾಗ ಬರುವ ಗೊರಗೊರ ಬಿಟ್ಟರೆ ಏನೂ ಇಲ್ಲ. ಕಡ್ಡಿಯನ್ನು ಮೇಲೆ ಮೇಲೆ ಸರಿಸುತ್ತ ಹೋದರು. ತೊಡೆಸಂದಿ ಮುಟ್ಟಿದಾಗ ಮಾತ್ರ ಸದ್ದು ಬಂತು. ಅಷ್ಟರಲ್ಲಿ ಅಂಗಾಲಿನ ಗುಳ್ಳೆ ಅವರ ಕಣ್ಣಿಗೆ ಬಿತ್ತು.

"ಇದೇನಿದು?"

"ಕಲ್ಲು ಕಾಸಿ ಇಟ್ಟಿದ್ವಿ ರೀ" ಎಂದರು ಗಂಡ, ಮೆಲ್ಲಗೆ. ಅವರು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಕಡಿಮೆ.

"ಈ ಬೇಸಿಗೇಲಿ ಯಾರಾದರೂ ಕಲ್ಲು ಕಾಯಿಸ್ತಾರಾ?" ಎಂದು ಸರ್ಜನ್ ಗದರಿದರು.

ಅತ್ತೆ ಕಣ್ಣು ಮುಚ್ಚಿಕೊಂಡೇ, "ಅವಗ ಬೈಬ್ಯಾಡಪ್ಪ, ನಾನೇ ಹೇಳಿದ್ದು" ಎಂದರು.

ತಪಾಸಣೆಯೆಲ್ಲ ಮುಗಿಯುವಷ್ಟರಲ್ಲಿ ನಾದಿನಿಯೂ ಅಳುತ್ತ ಬಂದು ಮುಟ್ಟಿದಳು. ಸರ್ಜನ್ ನಮ್ಮ ಮೂವರನ್ನೂ ಪರದೆಯ ಈಚೆ ಕರೆದು ಹೇಳಿದರು. "ಹೃದಯ ತಾಳ ತಪ್ಪಿ ಬಡಿದುಕೊಳ್ತಿದೆ. ಅದರೊಳಗೆ ಕಟ್ಟಿದ ರಕ್ತದ ಗಂಟು ಜಾರಿ ಬಂದು ತೊಡೆಸಂದಿಯಲ್ಲಿ ಸಿಕ್ಕಿಕೊಂಡಿದೆ. ಅಲ್ಲೊಂದು ಸಣ್ಣ ಗಾಯ ಮಾಡಿ, ನಾಳದೊಳಗೆ ತೆಳುವಾದ ಕೊಳವೆ ಬಿಟ್ಟು, ಅದರ ತುದಿಯಲ್ಲಿರೋ ಪುಟ್ಟ ಬಲೂನು ಉಬ್ಬಿಸಿ, ಗಂಟನ್ನ ಎಳೆದು ತೆಗೀತೀವಿ. ಪೂರ್ತಿ ಪ್ರಜ್ಞೆ ತಪ್ಪಿಸೋದಿಲ್ಲ, ಆ ಜಾಗ ಮಾತ್ರ ಮರಗಟ್ಟಿಸ್ತೀವಿ."

"ಈ ವಯಸ್ಸಿನ್ಯಾಗ ಆಪರೇಷನ್ನೇನ್ರಿ?" ಎಂದಳು ನಾದಿನಿ.

"ಅಪಾಯ ಇದೆ. ಟೇಬಲ್ ಮೇಲೇ ಹೃದಯ ನಿಲ್ಲಬಹುದು. ಇಲ್ಲ ಅಂತ ನಾನು ಹೇಳೋದಿಲ್ಲ."

"ಮಾಡದಿದ್ರ?" ಎಂದೆ ನಾನು.

"ಕಾಲು ಸಾಯುತ್ತೆ. ಕಪ್ಪಾಗುತ್ತೆ, ವಿಷ ಮೈಗೆಲ್ಲ ಏರುತ್ತೆ, ಬಹಳ ನೋವಿನ ಸಾವು. ಆಗ ಜೀವ ಉಳಿಸಬೇಕು ಅಂದರೆ ಮೊಣಕಾಲಿನ ಮೇಲೆ ಕಾಲು ತೆಗೀಬೇಕಾಗುತ್ತೆ. ಈಗ ಗಂಟು ಬರದಿದ್ದರೂ ಅದೊಂದೇ ದಾರಿ."

ನಾದಿನಿ ಅಣ್ಣನ ತೋಳು ಹಿಡಿದಳು. "ಬ್ಯಾಡಣ್ಣ. ಮನಿಗಿ ಒಯ್ಯಮು. ಇಷ್ಟು ದಿನ ಬಾಳಿ ಬದುಕ್ಯಾಳ, ಈಗ್ಯಾಕ ಕೊಯ್ಸಾದು?" ಗಂಡ ನನ್ನ ಮುಖ ನೋಡಿದರು. ನಿರ್ಧಾರ ಮಾಡುವ ಹೊತ್ತು ಬಂದರೆ ಅವರಿಗೆ ಕಿವಿಯ ಜೊತೆ ಬಾಯಿಯೂ ಹೋಗುತ್ತದೆ. ನನಗೆ ಮತ್ತೆ ಸಿಟ್ಟು ಬಂತು. ಕಾಲಿನ ಒಡತಿ ಪರದೆಯ ಆಚೆ ಇದ್ದಾರೆ, ನಾವು ಈಚೆ ನಿಂತು ಅವರ ಕಾಲಿನ ಪಂಚಾಯಿತಿ ಮಾಡುತ್ತಿದ್ದೇವೆ.

"ಅವರಿಗೇ ಕೇಳಮು" ಎಂದೆ.

"ಅವ್ವಗ ಇದೆಲ್ಲಾ ಏನ್ ತಿಳೀತದ, ವೈನಿ?" ಎಂದಳು ನಾದಿನಿ.

"ಎಲ್ಲಾ ಕೇಳಿಸ್ಯಾದ, ಒಳಗ ಬರ್ರಿ" ಎಂದರು ಪರದೆಯ ಆಚೆಯಿಂದ ಅತ್ತೆ.

ಒಳಗೆ ಹೋದೆವು. ಅವರು ನನ್ನನ್ನೇ ಕರೆದರು. "ಏ ಚಿಮ್ಮನಚೋಡದಾಕಿ, ಆ ಡಾಕ್ಟರಗ ಕೇಳು. ಕಾಲು ಕೊಯ್ದ ಮ್ಯಾಲ ನನ್ನ ಕುಣ್ಯಾಗ ಹ್ಯಾಂಗ ಕುಂದ್ರಸ್ತೀರಿ?"

ನಾದಿನಿ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಸರ್ಜನ್ ಕಡೆ ತಿರುಗಿ, ನಮ್ಮಲ್ಲಿಯ ಪದ್ಧತಿ ಹೀಗೆ, ಅತ್ತೆಗೆ ಜೀವಕ್ಕಿಂತ ಅದರ ಚಿಂತೆ ಹೆಚ್ಚು ಎಂದು ಹೇಳಲು ಬಾಯಿ ತೆರೆದೆ. ಅವರು ಕೈಯಿಂದಲೇ ನನ್ನನ್ನು ತಡೆದರು. ಮಂಚದ ಹತ್ತಿರ ಬಂದು ಬಾಗಿ, "ಗೊತ್ತು ಅಜ್ಜಿ. ನಮ್ಮ ತಾತನನ್ನೂ ಹಾಗೇ ಕೂರಿಸಿದ್ವಿ" ಎಂದರು.

ಅತ್ತೆ ಆಗ ಮೊದಲ ಸಲ ಕಣ್ಣು ತೆರೆದು ಅವರ ಮುಖವನ್ನು ಸರಿಯಾಗಿ ನೋಡಿದರು.

"ಚಂದ ಕುಂತಿದ್ದನೇನು?"

"ಚೆನ್ನಾಗಿ ಕೂತಿದ್ದರು ಅಜ್ಜಿ."

"ಹಾಂಗಾದ್ರ ನಿನಗ ತಿಳೀತದ. ಗಂಟು ತಗಿ. ಅದು ಬರಲಿಲ್ಲಂದ್ರ ಕಾಲು ಕೊಯ್ಯಬ್ಯಾಡ, ಎರಡೂ ಕಾಲು ಇಟ್ಟೇ ಮನಿಗಿ ಕಳಸು. ಸತ್ತರ ನಿನ್ನ ಮ್ಯಾಲ ದೂರಿಲ್ಲ."

ಸರ್ಜನ್ ಆಗಲಿ ಎಂದು ತಲೆಯಾಡಿಸಿದರು. ಗಂಡ ಕಾಗದಕ್ಕೆ ಸಹಿ ಹಾಕಿದರು. ಅತ್ತೆಯನ್ನು ಒಯ್ಯುವಾಗ ಸಿಸ್ಟರ್ ಕೊರಳಲ್ಲಿದ್ದ ಲಿಂಗ ಬಿಚ್ಚಲು ಬಂದಳು. ಅತ್ತೆ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. "ಇರಲಿ ಬಿಡಿ, ನನ್ನ ಕೆಲಸ ಇರೋದು ಸೊಂಟದ ಕೆಳಗೆ" ಎಂದರು ಸರ್ಜನ್. ಸಿಸ್ಟರ್ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಭುಜಕ್ಕೆ ಅಂಟಿಸಿದಳು.

ಹೊರಗೆ ಬೆಂಚಿನ ಮೇಲೆ ಕೂತೆವು. "ಏನರ ಆದ್ರ ವೈನಿ, ನಿಮ್ಮ ಮ್ಯಾಲೇ ನೋಡ್ರಿ" ಎಂದಳು ನಾದಿನಿ. "ಆಗಲಿ ಬಿಡು, ಇಷ್ಟು ದಿನ ಬ್ಯಾರೆ ಯಾರ ಮ್ಯಾಲಿತ್ತು?" ಎಂದೆ. ಹಾಗೆ ಅಂದ ಮೇಲೆ ಇಬ್ಬರಿಗೂ ಸ್ವಲ್ಪ ಹಗುರವಾಯಿತು. ಅವಳು ಚೀಲದಿಂದ ಬಾಟಲಿ ತೆಗೆದು ನನಗೇ ಮೊದಲು ನೀರು ಕೊಟ್ಟಳು. ಗಂಡ ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು. ಕಲ್ಲು ಹಿಡಿದಲ್ಲಿ ಇನ್ನೂ ಕೆಂಪಗಿತ್ತು. "ನನ್ನ ಕೈ ಸುಟ್ಟಾಗರ ತಿಳೀಬೇಕಿತ್ತು" ಎಂದರು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಅವರ ಅಂಗೈಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತೆ.

ಅತ್ತೆ ಹೋದ ಮೇಲೆ ಒಂದು ದಿನವಾದರೂ ಎದ್ದವಳೇ ಯಾರ ಕಾಲೂ ಹುಡುಕದೆ, ಕುರ್ಚಿಯಲ್ಲಿ ಕೂತು ಬಿಸಿ ಬಿಸಿ ಚಹಾ ಕುಡಿಯಬೇಕು ಎಂದು ನಾನು ಎಷ್ಟೋ ಸಲ ಅಂದುಕೊಂಡದ್ದುಂಟು. ಅಂದುಕೊಳ್ಳದ ಸೊಸೆ ಯಾರಿದ್ದಾಳೆ? ಆದರೆ ಆ ಬೆಂಚಿನ ಮೇಲೆ ಕೂತಾಗ ನನಗೆ ಚಹಾ ಬೇಡವಾಗಿತ್ತು, ಅತ್ತೆ ಬೇಕಾಗಿತ್ತು. ಅವರ ಕುಚೋದ್ಯ, ಅವರ ಮಣ್ಣಿನ ವರದಿ, ನೆರಿಗೆಯೊಳಗೆ ಅಡಗಿಸಿಕೊಂಡ ಆ ಎರಡು ಪಾದ, ಎಲ್ಲವೂ ಬೇಕಾಗಿತ್ತು.

ಸರ್ಜನ್ ಹೊರಗೆ ಬಂದಾಗ ಅವರ ಕೈಯಲ್ಲಿ ಒಂದು ಸ್ಟೀಲಿನ ತಟ್ಟೆ ಇತ್ತು. ಬಿಳಿ ಬಟ್ಟೆಯ ಮೇಲೆ ಕಪ್ಪುಗೆಂಪಿನ, ಎರೆಹುಳದಂಥ ಒಂದು ತುಂಡು. ಇದಕ್ಕಾಗಿ ಇಷ್ಟೆಲ್ಲ ಆಯಿತೇ ಎನಿಸುವಷ್ಟು ಸಣ್ಣದು. "ಪೂರ್ತಿ ಬಂತು. ಪಾದದ ತನಕ ರಕ್ತ ಹೋಗ್ತಿದೆ. ಇನ್ನೂ ಕೆಲವು ದಿನ ಎಚ್ಚರದಿಂದ ನೋಡಬೇಕು, ಆದರೆ ಕಾಲು ಉಳಿಯುತ್ತೆ ಅನ್ಸುತ್ತೆ" ಎಂದರು. ನಾದಿನಿ ಅವರ ಕಾಲಿಗೇ ಬೀಳಲು ಹೋದಳು. ಅವರು ಹಿಂದೆ ಸರಿದು, "ಇಲ್ಲಿ ಚಿಮ್ಮನಚೋಡದವರು ಯಾರು?" ಎಂದು ಕೇಳಿದರು.

"ನಾನೇ ರೀ."

"ಒಳಗೆ ಪೂರ್ತಿ ನಿಮ್ಮದೇ ಮಾತು. ದಿನಾ ಕಾಲು ಹುಡುಕಿ ಮುಟ್ಟೋದು ನೀವಂತೆ. ಇವತ್ತು ಕಾಲು ತಣ್ಣಗಾಗಿದ್ದೂ ನಿಮ್ಮ ಕೈಗೇ ಸಿಕ್ಕಿದ್ದಂತೆ. ನೀವಿಲ್ಲದಿದ್ದರೆ ಸಂಜೆ ತನಕ ಕಲ್ಲು ಕಾಯಿಸ್ತಾ ಕೂತಿರ್ತಿದ್ದರು ಅಂದರು."

ಎದುರಿಗೆ ಒಂದು ದಿನವೂ ನನ್ನನ್ನು ಹೊಗಳದ ಅತ್ತೆ, ತೊಡೆಸಂದಿ ಕೊಯ್ಯುವಾಗ ಯಾರೋ ಪರವೂರಿನ ಹುಡುಗನ ಮುಂದೆ ಹೊಗಳಿದ್ದರು. ನನಗೆ ಅಳು ಬಂತು. ಜನ ಓಡಾಡುವ ಜಾಗದಲ್ಲಿ ನಿಂತು, ಸೆರಗಿನ ಮರೆಯನ್ನೂ ಮಾಡಿಕೊಳ್ಳದೆ ಅತ್ತುಬಿಟ್ಟೆ.

ಮರುದಿನ ನನ್ನನ್ನು ಒಳಗೆ ಬಿಟ್ಟರು. ಅತ್ತೆಯ ಮುಖ ಇಷ್ಟೇ ಇಷ್ಟಾಗಿತ್ತು, ಆದರೆ ಬಲಗಾಲು ಬೆಚ್ಚಗಿತ್ತು. ಸರ್ಜನ್ ನನ್ನ ಎರಡು ಬೆರಳು ಹಿಡಿದು, ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳು ಕೂಡುವಲ್ಲಿಂದ ಸ್ವಲ್ಪ ಮೇಲೆ, ಪಾದದ ನಡುವೆ ಇಟ್ಟರು. "ದಿನಾ ಮುಟ್ಟುತ್ತೀರಲ್ಲ, ಇನ್ನು ಇಲ್ಲಿ ಮುಟ್ಟಿ. ಒತ್ತಬೇಡಿ. ಸುಮ್ಮನೆ ಇಟ್ಟು ಕಾಯಿರಿ." ಮೊದಲು ಏನೂ ಸಿಗಲಿಲ್ಲ. ಓಡಿ ಓಡಿ ಮುಟ್ಟಿದವಳಿಗೆ ಕಾಯುವುದು ಎಲ್ಲಿ ಬರಬೇಕು? ಆಮೇಲೆ ಚರ್ಮದ ಕೆಳಗೆ ಸಣ್ಣಗೆ ಏನೋ ಮಿಡಿಯಿತು. ನಿಂತಿತು, ಮತ್ತೆ ಮಿಡಿಯಿತು. ನಾನು ಇಷ್ಟು ವರ್ಷ ಮುಟ್ಟಿದ ಕಾಲಿನಲ್ಲಿ ಇಂಥದೊಂದು ಇದೆಯೆಂದು ನನಗೆ ಗೊತ್ತೇ ಇರಲಿಲ್ಲ.

"ಅದ ಏನು?" ಎಂದರು ಅತ್ತೆ. ಜೀಪಿನಲ್ಲಿ ಕೇಳಿದ ಮಾತೇ.

"ಅದ ರೀ" ಎಂದೆ.

ಮನೆಗೆ ಬಂದ ಮೇಲೆ ತೊಡೆಸಂದಿಯ ಗಾಯ ಬೇಗ ಕೂಡಿತು. ಕಲ್ಲಿನಿಂದಾದ ಗುಳ್ಳೆಯೇ ಹುಣ್ಣಾಗಿ ಬಹಳ ದಿನ ಕಾಡಿತು. ಗಂಡ ದಿನವೂ ತಾವೇ ಅದನ್ನು ತೊಳೆದು ಪಟ್ಟಿ ಕಟ್ಟಿದರು. ರಕ್ತ ತೆಳುವಾಗುವ ಗುಳಿಗೆಯನ್ನು ಕೊನೆಯ ತನಕ ತೆಗೆದುಕೊಳ್ಳಬೇಕೆಂದು ಹೇಳಿದ್ದರು. "ಯಾರ ಕೊನೀ ತನಕ? ಅಷ್ಟು ಗುಳಿಗಿ ಅಂಗಡ್ಯಾಗ ಅವನೇನು?" ಎಂದು ಕೇಳುವರು ಅತ್ತೆ. ನಾನು ಆ ಕಲ್ಲನ್ನು ಎತ್ತಿ ಬೀದಿಗೆ ಎಸೆಯಲು ಹೊರಟಾಗ, "ಅದರ ತಪ್ಪೇನದ? ಇಡು ಅಂದಾಕಿ ನಾನು" ಎಂದರು. ಈಗ ಅದು ಗಾಳಿಗೆ ಬಾಗಿಲು ಬಡಿಯದಂತೆ ತಡೆಯುವ ಕೆಲಸ ಮಾಡುತ್ತದೆ.

ಅವರಿಗೆ ಕಷ್ಟವಾದದ್ದು ಕೂರುವುದು. ಬಲಗಾಲು ಊದಿಕೊಂಡಿತ್ತು, ಮೊಣಕಾಲು ಬಿಗಿದಿತ್ತು, ಮಡಚಿದರೆ ಗಾಯದ ಜಾಗ ಜಗ್ಗುತ್ತಿತ್ತು. ಕಟ್ಟೆಯ ಮೇಲೆ ಒಂದು ಕಾಲು ಮಡಚಿ, ಇನ್ನೊಂದನ್ನು ಚಾಚಿ ಕೂತು, ಚಾಚಿದ ಕಾಲನ್ನು ಮಾತು ಕೇಳದ ಮೊಮ್ಮಗಳನ್ನು ನೋಡಿದ ಹಾಗೆ ನೋಡುತ್ತಿದ್ದರು. ನನಗೆ ಮಾತ್ರ ಅದು ಅನುಕೂಲ. ಪಾದ ಕಣ್ಣೆದುರಿಗೇ ಸಿಗುತ್ತಿತ್ತು. ಬೆರಳಿಟ್ಟು ಕಾಯುತ್ತಿದ್ದೆ. ಅವರು ದಿನವೂ "ಅದ ಏನು?" ಎನ್ನುವರು, ನಾನು "ಅದ ರೀ" ಎನ್ನುವೆ. ಅಷ್ಟು ಹೊತ್ತು ಹಾಲಿನವನು ಬೇಕಾದರೆ ಕೂಗಿಕೊಳ್ಳಲಿ ಎನ್ನುವಷ್ಟು ಧೈರ್ಯ ನನಗೂ ಬಂದಿತ್ತು.

ತೊಗರಿ ಹೂ ಬಿಡುವ ಕಾಲಕ್ಕೆ ಒಂದು ದಿನ ಸ್ನಾನ ಮುಗಿಸಿ ಬಂದರೆ ಕಟ್ಟೆಯ ಮೇಲೆ ಕಾಲು ಕಾಣಲಿಲ್ಲ. ಅತ್ತೆ ನೆಟ್ಟಗೆ ಕೂತಿದ್ದರು. ನೋವಿಗೆ ಹಣೆಯ ಮೇಲೆ ಬೆವರು ಬಂದಿತ್ತು, ಬಾಯಿ ಮಾತ್ರ ನಗುತ್ತಿತ್ತು.

"ಬಾ ಚಿಮ್ಮನಚೋಡದಾಕಿ. ಹುಡುಕಿ ಮುಟ್ಟು."

ಆಮೇಲೆ ಅವರು ಎರಡು ಬೇಸಿಗೆ ಕಂಡರು. ಹೋದದ್ದು ಚಳಿಗಾಲದಲ್ಲಿ, ಒಂದು ಬೆಳಿಗ್ಗೆ, ಮಂಚದ ಮೇಲೆ. ಯಾರಿಗೂ ಹೇಳಲಿಲ್ಲ, ಯಾರನ್ನೂ ಕರೆಯಲಿಲ್ಲ. ನಾನು ಎಂದಿನಂತೆ ಬಂದು ಬಾಗಿ ಬೆರಳಿಟ್ಟೆ. ಬಲಗಾಲಿನಲ್ಲಿ ಕಾದೆ, ಎಡಗಾಲಿನಲ್ಲಿ ಕಾದೆ. ಎರಡೂ ಕಾಲು ಒಂದೇ ಸಮ ತಣ್ಣಗಿದ್ದವು.

ಮೈ ಸೆಟೆಯುವ ಮೊದಲೇ ಕೂರಿಸಬೇಕು. ಗಂಡ ಎಡಗಾಲು ಮಡಚಿದರು. ಬಲಗಾಲಿಗೆ ಬಂದಾಗ ಹಿಂದೆ ಸರಿದು ನನಗೆ ಜಾಗ ಬಿಟ್ಟರು. ನಾನೇ ಹಿಡಿದು ಮಡಚಿದೆ. ಜಗ್ಗಲಿಲ್ಲ, ಬಿಗಿಯಲಿಲ್ಲ, ಹೋಗಿ ತನ್ನ ಜಾಗದಲ್ಲಿ ಕೂತಿತು. ಮೀಯಿಸಿ, ವಿಭೂತಿ ಹಚ್ಚಿ, ಹೂವು ಏರಿಸಿದೆವು. ಸೇಡಂ, ಚಿತ್ತಾಪುರ, ವಾಡಿಯಿಂದ ನೆಂಟರು ಬಂದರು. ಬಂದವರೆಲ್ಲ ಕಾಲು ಮುಟ್ಟಲು ಬಾಗಿ, ಪಾದ ಕಾಣದೆ, ಮೊಣಕಾಲು ಮುಟ್ಟಿ ಹೋದರು. ನಾದಿನಿ ಎದುರಿಗೆ ಕೂತು ಬಹಳ ಹೊತ್ತು ನೋಡಿ, "ಅವ್ವ ಭಾಳ ಚಂದ ಕುಂತಾಳ, ವೈನಿ" ಎಂದಳು. ನೆಟ್ಟಗೆ ಕೂತಿದ್ದರು. ದಿಂಬು ಬೇಕಾಗಲಿಲ್ಲ.

ಹೊರಗೆ ಭಜನೆಯವರು ಬಂದಾಗ ಎಲ್ಲರೂ ಎದ್ದರು. ನಾನು ಕೊನೆಗೆ ಹೋದೆ. ಮೊಣಕಾಲಿನ ನೋವು ಬದಿಗಿಟ್ಟು ನೆಲಕ್ಕೆ ಕೂತು, ನೆರಿಗೆಯೊಳಗೆ ಕೈ ಹಾಕಿ ಹುಡುಕಿದೆ. ಎಡಪಾದ ಸಿಕ್ಕಿತು, ಅದರ ಕೆಳಗೆ ಬಲಪಾದ ಸಿಕ್ಕಿತು. "ಅದ ಏನು?" ಎಂದು ಅತ್ತೆ ಅಂದು ಕೇಳಲಿಲ್ಲ, ಆದರೂ ನಾನು ಹೇಳಬೇಕಾದದ್ದು ಹೇಳಿದೆ.

"ಎರಡೂ ಅವ ರೀ, ಅತ್ತಿ."